ಹೇಳಿದ್ದನ್ನೇ ತಿರುಗಿ ಹೇಳುವ ವಿದ್ಯೆ

ಮೊಮ್ಮಗಳು ಕಲಬುರಗಿಯಲ್ಲಿ ಎಂ.ಎಸ್.ಡಬ್ಲ್ಯೂ. ಓದುತ್ತಾಳೆ. ರಜೆಗೆಂದು ಸುರಪುರಕ್ಕೆ ಬಂದವಳು ತನ್ನ ಕ್ಷೇತ್ರಕಾರ್ಯದ ನೋಟುಬುಕ್ಕನ್ನು ನನ್ನ ಮಂಚದ ಮೇಲೆ ಬಿಟ್ಟು ತಲೆಗೆ ನೀರು ಹಾಕಿಕೊಳ್ಳಲು ಹೋಗಿದ್ದಳು. ಇನ್ನೊಬ್ಬರ ಬರಹ ಕದ್ದು ಓದಬಾರದೆಂದು ಊರಿಗೆಲ್ಲ ಬುದ್ಧಿ ಹೇಳಿದವನು ನಾನು. ಆದರೂ ಕೈ ಕನ್ನಡಕ ಹುಡುಕಿತು. ‘ಅವರು ಚಹಾ ಕೊಟ್ಟರು. ನಿಯಮದಂತೆ ನಯವಾಗಿ ಬೇಡವೆಂದೆ’ ಎಂಬ ಸಾಲು ಕಣ್ಣಿಗೆ ಬಿತ್ತು. ಅಯ್ಯೋ, ಈ ನಿಯಮ ಇನ್ನೂ ಬದುಕಿದೆಯಲ್ಲ ಎಂದು ಒಬ್ಬನೇ ನಕ್ಕೆ.

ನಾನೂ ಅದೇ ವಿದ್ಯೆ ಕಲಿತವನು, ಅರವತ್ತು ವರ್ಷದ ಹಿಂದೆ. ಒಂದು ಕಾಲದ ನಿಜಾಮನ ಪ್ರಜೆಗಳಾದ ನಾವು ಏಕೀಕರಣವಾಗಿ ಕನ್ನಡ ರಾಜ್ಯದವರಾಗಿದ್ದ ಹೊಸತು. ಬಿ.ಎ. ಮುಗಿಸಿ, ಸಮಾಜಕಾರ್ಯ ಕಲಿಯಲು ದೂರದ ಶಹರಕ್ಕೆ ಎರಡು ವರ್ಷ ಹೋಗುತ್ತೇನೆಂದಾಗ ಅಪ್ಪ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದರು.

“ಸೇವಾ ಮಾಡಾಕ ಡಿಗ್ರಿ ಬೇಕೇನೋ? ನಿಮ್ಮವ್ವ ಈ ಮನಿಗೆ ಬಂದಾಗಿಂದ ಮಾಡಾಕತ್ಯಾಳ. ಆಕೀಗ್ಯಾರು ಸರ್ಟಿಫಿಕೇಟ್ ಕೊಟ್ಟಾರ?”

ಹೋದೆ, ಕಲಿತೆ. ಎರಡು ವರ್ಷದಲ್ಲಿ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಎರಡೇ ನಿಯಮ. ಒಂದು, ಯಾರಿಗೂ ಸಲಹೆ ಕೊಡಬಾರದು. ಅವರು ಹೇಳಿದ್ದನ್ನೇ ಬೇರೆ ಮಾತಿನಲ್ಲಿ ಅವರಿಗೆ ತಿರುಗಿ ಹೇಳಬೇಕು. ಆಗ ಅವರ ದಾರಿ ಅವರಿಗೇ ಕಾಣುತ್ತದಂತೆ. ಇನ್ನೊಂದು, ಅವರ ಮನೆಯಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು. ದಾಕ್ಷಿಣ್ಯಕ್ಕೆ ಸಿಕ್ಕರೆ ಕೆಲಸ ಕೆಡುತ್ತದೆ. ರಜೆಗೆ ಬಂದಾಗ, ರೊಟ್ಟಿ ಆರುತ್ತಿವೆ ಬಾ ಎಂದು ಅವ್ವ ಕರೆದಳು; ಮೊದಲ ನಿಯಮವನ್ನು ಅವಳ ಮೇಲೆ ಪ್ರಯೋಗಿಸಿ ನೋಡಿದೆ. “ರೊಟ್ಟಿ ಆರಾಕತ್ತಾವ ಅಂತ ನಿನಗ ಬ್ಯಾಸರ ಆಗ್ಯಾದ ಅಲ್ಲಬೇ?” ಎಂದೆ. “ಬ್ಯಾಸರಲ್ಲೋ, ಸಿಟ್ಟು ಬಂದದ. ಉಣ್ಣೇಳು!” ಎಂದಳು. ವಿದ್ಯೆ ಕೆಲಸ ಮಾಡುತ್ತದೆ ಎಂದುಕೊಂಡೆ.

ಕೊನೆಯ ತರಬೇತಿಗೆ ನನ್ನನ್ನು ಶಹಾಪುರದ ಹತ್ತಿರ ದೋರನಹಳ್ಳಿಗೆ ಹಾಕಿದರು. ನನ್ನ ಮೇಲ್ವಿಚಾರಕರು ಮೈಸೂರು ಕಡೆಯವರು, ಹೂವಿನಂಥ ಮಾತು. ಮೊದಲ ದಿನವೇ ಕಟ್ಟೆಯ ಮೇಲಿನ ಜನರನ್ನು ಕಂಡು ಗಾಬರಿಯಾದರು. “ಯಾಕ್ರೀ ಇಷ್ಟು ಜಗಳ ಆಡ್ತಿದ್ದಾರೆ? ಬಿಡಿಸೋಣವೇ?” ಎಂದರು. “ಜಗಳ ಅಲ್ರಿ ಸರ್, ಆರಾಮ ಇದ್ದೀರೇನು ಅಂತ ಕೇಳಾಕತ್ತಾರ” ಎಂದು ನಾನು ಅನುವಾದ ಮಾಡಬೇಕಾಯಿತು. ಏಕೀಕರಣ ಕಾಗದದ ಮೇಲೆ ಆಗಿತ್ತು, ಕಿವಿಗಳಲ್ಲಿ ಇನ್ನೂ ಆಗಬೇಕಿತ್ತು.

ನನ್ನ ಪಾಲಿಗೆ ಬಂದವಳು ಭೀಮವ್ವ. ಊರಾಚೆಯ ಕೇರಿಯವಳು, ಕೂಲಿ ಮಾಡುವ ವಿಧವೆ. ಮಗಳು ಶಾಂತಾ ಏಳನೆಯ ಇಯತ್ತೆ ಪಾಸಾಗಿ ಕಲಬುರಗಿ ದವಾಖಾನೆಯಲ್ಲಿ ನರ್ಸ್ ತರಬೇತಿಗೆ ಆಯ್ಕೆಯಾಗಿದ್ದಳು. ದರಖಾಸ್ತಿನ ಮೇಲೆ ತಾಯಿಯ ಹೆಬ್ಬೆಟ್ಟು ಬೇಕು, ಅದೂ ಶನಿವಾರದೊಳಗೆ. ಭೀಮವ್ವ ಒತ್ತಿದರೆ ಶಾಂತಾ ನರ್ಸ್, ಇಲ್ಲವಾದರೆ ಸೋಮವಾರದಿಂದ ತಾಯಿಯ ಜೊತೆ ಕಳೆ ಕೀಳಲು ಹೋಗುವವಳು.

ನಾನು ಹೋಗಿ ಅಂಗಳದಲ್ಲಿ ನಿಂತ ಕೂಡಲೇ ಭೀಮವ್ವ ತಂಬಿಗೆಯಲ್ಲಿ ನೀರು ತಂದಳು. ಆ ಕಾಲಕ್ಕೆ ಆ ಕೇರಿಯವರು ನನ್ನಂಥ ಮನೆತನದವರಿಗೆ ನೀರು ಬೇಕೇ ಎಂದು ಕೇಳುತ್ತಲೇ ಇರಲಿಲ್ಲ. ಅವಳು ಕೇಳಿದಳು. ನಾನು ನಯವಾಗಿ ಬೇಡವೆಂದೆ.

“ಮಗಳನ್ನ ಕಳಸ್ಲೋ ಬ್ಯಾಡೋ, ಹೇಳ್ರಿ ಸಾಹೇಬ್ರ.”

“ಕಳಸಬೇಕೋ ಬ್ಯಾಡೋ ಅಂತ ನಿನಗ ಚಿಂತಿ ಆಗ್ಯಾದ.”

“ಅದನ್ನ ನಾನೇ ಹೇಳಿದೆ ಅಲ್ರಿ?”

“ನೀನೇ ಹೇಳಿದಿ ಅಂತ ನಿನಗ ಅನಸ್ತದ.”

ಭೀಮವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗಿದ್ದ ಮಗಳಿಗೆ ಕೇಳುವಂತೆ ಹೇಳಿದಳು: “ಪಾಪ, ಎಷ್ಟು ಓದ್ಯಾರ ನೋಡು!”

ಎರಡನೆಯ ದಿನವೂ ನೀರು ಬಂತು, ಬೇಡವೆಂದೆ. ಶುಕ್ರವಾರ ಮೂರನೆಯ ಸಲ ಬಂತು. ಬೇಡವೆಂದೆ. ಭೀಮವ್ವ ತಂಬಿಗೆಯನ್ನು ನೆಲಕ್ಕಿಟ್ಟಳು.

“ಯಪ್ಪಾ, ಮೂರು ಸಲ ಕೊಟ್ಟೀನಿ, ಮೂರು ಸಲಾನೂ ಬ್ಯಾಡಂದ್ರಿ. ಓದಿದವ್ರು, ಹೊಸ ಸರಕಾರದವ್ರು ನೀವ ಹಿಂಗಂದ್ರ, ಆ ಕಲಬುರಗಿ ಹಾಸ್ಟೆಲ್‌ನಾಗ ನನ್ನ ಮಗಳ ಕೈನೀರು ಯಾರು ಕುಡೀತಾರ್ರಿ? ಒಬ್ಬಾಕೀನ ಮೂಲ್ಯಾಗ ಕುಂದರಸ್ತಾರ. ಅದನ್ನ ನೋಡಬೇಕಂತನ ನೀರು ಕೊಟ್ಟೆ. ನೋಡಿದೆ.”

“ಹಂಗಲ್ಲ ಭೀಮವ್ವ, ಅದು ನಮ್ಮ ಪುಸ್ತಕದಾಗ ಬರದದ.”

“ಪುಸ್ತಕದಾಗ ಬರದದ ಅಂತನ ನಮಗ ಮೊದಲಿಂದಾನೂ ಹೇಳ್ಕೋತ ಬಂದಾರ್ರಿ.”

ಇದನ್ನು ಬೇರೆ ಮಾತಿನಲ್ಲಿ ತಿರುಗಿ ಹೇಳುವುದು ನನ್ನಿಂದ ಆಗಲಿಲ್ಲ. ಬಗ್ಗಿ ತಂಬಿಗೆ ಎತ್ತಿ ಗಟಗಟ ಕುಡಿದೆ. ಅರ್ಧ ಅಂಗಿಯ ಮೇಲೆ, ಒಂದಿಷ್ಟು ನೆತ್ತಿಗೆ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು.

“ಸಾವಕಾಶ ಕುಡೀರೆಪ್ಪಾ, ಯಾರೂ ಕಸಗೊಳ್ಳೂದಿಲ್ಲ” ಎಂದು ಭೀಮವ್ವ ನಕ್ಕಳು. ಶಾಂತಾಳೂ ಬಾಗಿಲ ಸಂದಿಯಿಂದ ನಕ್ಕಳು. ಆಮೇಲೆ ರೊಟ್ಟಿ, ನಮ್ಮ ಕಡೆ ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ ಬಂದವು. ಹೇಗೂ ನಿಯಮ ಮುರಿದಾಗಿತ್ತು, ಕೂತು ಎರಡು ತಿಂದೆ. ಮೂರನೆಯದನ್ನು ಹಾಕುವಾಗ ಅವಳು ಮತ್ತೆ ಕೇಳಿದಳು, ನಾನು ಮೊದಲ ಸಲ ಉತ್ತರ ಕೊಟ್ಟೆ: “ಕಳಸು ಭೀಮವ್ವ.”

“ಇದನ್ನ ಹೇಳಾಕ ಮೂರು ದಿನ ಬೇಕಾತೇನ್ರಿ? ತರ್ರಿ ಕಾಗದ. ಇಲ್ಲಿ ನೀವೊಬ್ಬರಾದ್ರೂ ಕುಡದ್ರಿ. ಅಲ್ಲೂ ಒಬ್ಬಾಕಿ ಸಿಗ್ತಾಳ.”

ವರದಿಯಲ್ಲಿ ಎಲ್ಲವನ್ನೂ ಬರೆದೆ. ಮೈಸೂರಿನವರು ಕೆಂಪು ಪೆನ್ಸಿಲ್ಲಿನಿಂದ ‘ನಿಯಮಭಂಗ’ ಎಂದು ಗೆರೆ ಎಳೆದರು. ನೀರಿಗೆಷ್ಟು, ಹಿಂಡಿಗೆಷ್ಟು ಅಂಕ ಹೋದವೋ ತಿಳಿಯದು, ಅಂತೂ ಪಾಸಾದೆ. ಶಾಂತಾ ನರ್ಸಾಗಿ ಯಾದಗಿರಿಗೆ ಬಂದಳು. ಅಲ್ಲಿಯ ದವಾಖಾನೆಯಲ್ಲಿ ನನ್ನ ಹಿರಿಯ ಮಗ ಹುಟ್ಟಿದಾಗ ಅವನನ್ನು ಮೊದಲು ಎತ್ತಿಕೊಂಡವಳು ಅವಳೇ.

ಈ ಕಥೆಯನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಎಂಥ ಹುಚ್ಚು ನಿಯಮ ಎಂದು ಜನ ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಮೊಮ್ಮಗಳು ತಲೆ ಒರೆಸಿಕೊಳ್ಳುತ್ತ ಬಂದಾಗ ಅವಳಿಗೂ ಹೇಳಿದೆ. ಅವಳೂ ನಕ್ಕಳು. ಆಮೇಲೆ ಟವೆಲ್ ಕೈಯಲ್ಲೇ ಹಿಡಿದು ನಿಂತಳು.

“ಮುತ್ಯಾ, ಆ ನಿಯಮ ಇಲ್ಲದಿದ್ರ ಮೊದಲನೇ ದಿನಾನೇ ಕುಡೀತಿದ್ದೇನು?”

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಆ ನಿಯಮವನ್ನು ತರಗತಿಯಲ್ಲಿ ಮೊದಲು ಕೇಳಿದ ದಿನ ನನಗೆ ಎಷ್ಟು ಸಮಾಧಾನವಾಗಿತ್ತೆಂದು ನಾನೂ ಯಾರಿಗೂ ಹೇಳಿರಲಿಲ್ಲ.

“ಇಲ್ಲವ್ವ,” ಎಂದೆ, “ಕುಡೀತಿರಲಿಲ್ಲ.”

ಅವಳು ಮಂಚದ ತುದಿಗೆ ಬಂದು ಕೂತಳು. ನಾವಿಬ್ಬರೂ ನಗಲಿಲ್ಲ.