ಒಂದೇ ಥಾನಿನ ಅಂಗಿಗಳು

ನಮ್ಮ ಬೀದಿಯ ಟೈಲರ್ ಮಾತಿಗೆ ಬಲು ಬಡವ. ಹಗಲೆಲ್ಲ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡಿರುವವನು ಮಾತಾಡುವುದಾದರೂ ಹೇಗೆ? ಗಿರಾಕಿ ಏನು ಕೇಳಿದರೂ ‘ಹ್ಞೂಂ’, ಆಗದಿದ್ದರೆ ‘ಊಹೂಂ’. ತನ್ನನ್ನು ಒಪ್ಪಿಕೊಂಡದ್ದೂ ಒಂದು ‘ಹ್ಞೂಂ’ನಲ್ಲೇ ಎನ್ನುತ್ತಾಳೆ ಅವನ ಹೆಂಡತಿ.

ಇವರಿಗೊಬ್ಬಳು ಮಗಳು, ಪುಟ್ಟಿ. ಎದುರಿಗಿರುವವರ ಕಣ್ಣು, ಮೂಗು, ಬಾಯಿ ಎಲ್ಲ ಅವಳಿಗೆ ಕಾಣುತ್ತವೆ. ಒಟ್ಟು ಸೇರಿ ಮುಖವಾಗುವುದಿಲ್ಲ, ಅಷ್ಟೆ. ಜನರನ್ನು ಅವಳು ಗುರುತಿಸುವುದು ಬಟ್ಟೆಯಿಂದ. ಇದು ಮನೆಯವರಿಗೆ ತಿಳಿಯುವ ತನಕ ಹುಡುಗಿಗೆ ಬಲು ಜಂಬ ಎಂದೇ ಹೆಸರಾಗಿತ್ತು. ಹೊಸ ಬಟ್ಟೆ ತೊಟ್ಟು ಬಂದ ಸೋದರತ್ತೆಯನ್ನು ಬಾಗಿಲಲ್ಲೇ ತಡೆದು, “ಅಳತೆ ಕೊಡೋದಾದ್ರೆ ಅಂಗಡಿಗೆ ಹೋಗಿ” ಎಂದುಬಿಟ್ಟಳು.

ಅತ್ತೆ ಸೀದಾ ಅಂಗಡಿಗೇ ಹೋದಳು. “ಏನೋ ತಮ್ಮ, ಎತ್ತಿ ಆಡಿಸಿದವಳನ್ನೇ ಹೊರಗೆ ನಿಲ್ಲಿಸ್ತಾಳಲ್ಲ! ಇದೇನಾ ನೀನು ಕಲಿಸಿರೋದು?”

“ಊಹೂಂ.”

ಅತ್ತೆಯ ಮುನಿಸು ಇನ್ನೂ ಇಳಿದಿಲ್ಲ.

ಮಗಳ ಕಷ್ಟ ಗೊತ್ತಾದ ಮೇಲೆ ಟೈಲರ್ ಯೋಚಿಸಿದ. ಅವನ ಯೋಚನೆಗಳೆಲ್ಲ ಬಟ್ಟೆಯಲ್ಲೇ ಕೊನೆಯಾಗುತ್ತವೆ. ಯಾರಿಗೂ ಬೇಡವಾಗಿ ಅಟ್ಟದಲ್ಲಿ ಬಿದ್ದಿದ್ದ ಸಾಸಿವೆ ಬಣ್ಣದ ಚೌಕಳಿ ಥಾನನ್ನು ಕೆಳಗಿಳಿಸಿ, ವಾರಕ್ಕಾಗುವಷ್ಟು ಅಂಗಿ ಹೊಲಿದುಕೊಂಡ. ಅಂದಿನಿಂದ ಮದುವೆ ಮನೆಗೂ ಅದೇ, ಸಾವಿನ ಮನೆಗೂ ಅದೇ.

“ನಿಮ್ಮ ಜೊತೆ ಹೊರಟ್ರೆ ಕಿಟಕಿ ಪರದೆ ಜೊತೆ ಹೊರಟ ಹಾಗಿರುತ್ತೆ” ಎಂದಳು ಹೆಂಡತಿ.

ಆದರೆ ಸಂಜೆ ಶಾಲೆ ಬಿಟ್ಟಾಗ ಪುಟ್ಟಿ ಆ ಚೌಕಳಿ ನೋಡಿ ನೆಟ್ಟಗೆ ಬಂದು ಅಪ್ಪನ ಬೆರಳು ಹಿಡಿಯುತ್ತಿದ್ದಳು. ಮಾತಿನ ಹಂಗೇ ಇಲ್ಲ. ಟೈಲರ್‌ಗೆ ಇನ್ನೇನು ಬೇಕು?

ಎಡವಟ್ಟಾದದ್ದು ಆಮೇಲೆ. ಥಾನಿನಲ್ಲಿ ಇನ್ನೂ ಒಂದು ಅಂಗಿಗಾಗುವಷ್ಟು ಬಟ್ಟೆ ಉಳಿದಿತ್ತು. ಉಳಿದ ಬಟ್ಟೆ ಕಂಡರೆ ಟೈಲರ್‌ಗಳ ಕೈ ಸುಮ್ಮನಿರುತ್ತದೆಯೇ? ಬೀಗ ರಿಪೇರಿಯವನು ಅಂಗಿ ಹೊಲಿಸಲು ಬಂದಾಗ ಅದನ್ನೇ ಕತ್ತರಿಸಿ ಹೊಲಿದುಕೊಟ್ಟ.

ಆ ವಾರದಲ್ಲೇ ಒಂದು ಸಂಜೆ ಯಾರದೋ ಕಾಲರ್ ಕೈಕೊಟ್ಟು, ಟೈಲರ್ ಹೊರಡುವುದು ತಡವಾಯಿತು. ಶಾಲೆಗೆ ಹೋದರೆ ಗೇಟಿನಲ್ಲಿ ಕಾವಲುಗಾರನೊಬ್ಬನೇ. ಇವನನ್ನು ಕಂಡು ಬೆಚ್ಚಿಬಿದ್ದ.

“ಈಗ ತಾನೇ ಕರ್ಕೊಂಡು ಹೋದ್ರಲ್ಲ ಸ್ವಾಮಿ! ಇದೇ ಅಂಗಿ!”

ಟೈಲರ್ ಓಡಿದ. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ಬೀಗದಂಗಡಿಯ ಮೆಟ್ಟಿಲ ಮೇಲೆ ಪುಟ್ಟಿ ಮೊಣಕಾಲು ತಬ್ಬಿ ಕೂತಿದ್ದಳು. ಪಕ್ಕದಲ್ಲಿ ಬೀಗದವನು ಬೆವರೊರೆಸಿಕೊಳ್ಳುತ್ತಿದ್ದ.

“ಶಾಲೆ ಮುಂದೆ ಬರ್ತಿದ್ದೆ, ಬಂದು ಬೆರಳು ಹಿಡ್ಕೊಂಡ್ಲು. ನೀವೇ ಹೇಳಿರ್ತೀರ ಅಂದ್ಕೊಂಡೆ. ಇಲ್ಲಿಗೆ ಬಂದು ‘ಕೂತ್ಕೋಮ್ಮ, ಅಪ್ಪ ಬರ್ತಾರೆ’ ಅಂದೆ ನೋಡಿ, ಊರೇ ಎದ್ದು ಬರೋ ಹಾಗೆ ಕಿರುಚಿದ್ಲು!”

ಪುಟ್ಟಿ ತಲೆಯೆತ್ತಿದಳು. ಎದುರಿಗೆ ಎರಡು ಚೌಕಳಿ. ಅದರಲ್ಲೊಂದು ಆಗಲೇ ಮೋಸ ಮಾಡಿತ್ತು. ಟೈಲರ್ ಕೈ ಚಾಚಿದ. ಅವಳು ತನ್ನ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟು ಗೋಡೆಗೆ ಅಂಟಿಕೊಂಡಳು.

“ಬಾಯಿ ಬಿಡಿ ಸ್ವಾಮಿ!” ಎಂದ ಬೀಗದವನು.

ಟೈಲರ್ ಗುಂಡುಸೂಜಿಗಳನ್ನು ಅಂಗೈಗೆ ಉಗಿದುಕೊಂಡ. ಅಷ್ಟು ದೂರವೂ ಅವನ್ನು ಕಚ್ಚಿಕೊಂಡೇ ಓಡಿ ಬಂದಿದ್ದ.

“ನಾನು ಕಣೇ, ಪುಟ್ಟೀ.”

ಅವಳು ಎದ್ದು ಬಂದು ಬೆರಳು ಹಿಡಿದಳು. ದಾರಿಯಲ್ಲಿ ಅಪ್ಪನ ವಿಚಾರಣೆ ನಡೆಯಿತು.

“ಬಂದ ತಕ್ಷಣ ಯಾಕೆ ಮಾತಾಡ್ಲಿಲ್ಲ?”

“ಏನಂತ ಮಾತಾಡ್ಲಿ?”

“ಏನಾದ್ರೂ. ಮಾತಾಡಿದ್ರೆ ನೀನೇ ಅಂತ ಗೊತ್ತಾಗುತ್ತೆ. ಅಂಗಿ ಯಾರು ಬೇಕಾದ್ರೂ ಹಾಕ್ಕೋತಾರೆ.”

ಮರುದಿನ ಹೆಂಡತಿ ತೊಡಿಸಿದ ನೀಲಿ ಅಂಗಿಯಲ್ಲಿ ಟೈಲರ್ ಗೇಟಿನ ಮುಂದೆ ನಿಂತ. ಸುತ್ತ ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು. ಏನು ಹೇಳುವುದೆಂದು ಹೊಳೆಯುವ ಮೊದಲೇ ಗಂಟೆ ಹೊಡೆಯಿತು. ಮಕ್ಕಳು ನುಗ್ಗಿದರು. ಅವರ ನಡುವೆ ಪುಟ್ಟಿ ನಿಂತು, ಇವನತ್ತಲೇ ನೋಡಿ, ಮುಂದಕ್ಕೆ ಕಣ್ಣು ಹಾಯಿಸಿದಳು.

ಟೈಲರ್ ಕಣ್ಣು ಮುಚ್ಚಿ, ಬಾಯಿಗೆ ಬಂದದ್ದನ್ನು ಕೂಗಿದ:

“ಎದೆ ನಲವತ್ತು! ಸೊಂಟ ಮೂವತ್ತಾರು! ತೋಳು ಇಪ್ಪತ್ತಮೂರು!”

ತಾಯಂದಿರು ದೂರ ಸರಿದರು. ಅವನು ಕುತ್ತಿಗೆಯ ಅಳತೆಗೆ ಬರುವಷ್ಟರಲ್ಲಿ ಬೆರಳಿಗೆ ಪುಟ್ಟ ಕೈಯೊಂದು ಸಿಕ್ಕಿಕೊಂಡಿತು.

“ಸಾಕಪ್ಪ, ಕೇಳಿಸ್ತು. ನಡಿ.”