ಶಾಲು ಹೊದಿಸಿ ಕಳೆದುಕೊಂಡ ಅನುದಾನ

ಆರ್ಥಿಕ ಹಿಂಜರಿತದ ಎರಡನೆಯ ವರ್ಷ, ನಾನು ದುಡಿಯುತ್ತಿದ್ದ ಷಿಕಾಗೊ ಉಪನಗರದ ಪತ್ರಿಕೆ ತನ್ನ ಕಾಪಿ ಡೆಸ್ಕನ್ನು ಮುಚ್ಚಿತು. ಬೆಂಗಳೂರಿನಲ್ಲಿ ಒಂಬತ್ತು ವರ್ಷ, ಇಲ್ಲಿ ಹನ್ನೊಂದು ವರ್ಷ ಬೇರೆಯವರ ವಾಕ್ಯಗಳನ್ನು ತಿದ್ದಿದವಳು ನಾನು. ವೆಸ್ಟ್‌ಮಂಟಿನ ಮನೆಯಲ್ಲಿ ಕುಳಿತು ಮೂರು ತಿಂಗಳು ಕೆಲಸಕ್ಕೆ ಅರ್ಜಿ ಹಾಕಿದೆ. ಯಾರೂ ಕರೆಯಲಿಲ್ಲ. ಆಗ ನಮ್ಮ ಕನ್ನಡ ಕೂಟದ ಅಧ್ಯಕ್ಷರು ಫೋನ್ ಮಾಡಿದರು. ಅವರು ವೈದ್ಯರು, ಹಿರಿಯರು, ಎಲ್ಲರಿಗೂ ಅಂಕಲ್.

“ನೋಡಮ್ಮ, ಒಂದು ಫೌಂಡೇಶನ್ನೋರು ಸಣ್ಣ ಕಲ್ಚರಲ್ ಸಂಸ್ಥೆಗಳಿಗೆ ಗ್ರ್ಯಾಂಟ್ ಕೊಡ್ತಿದಾರೆ. ನಮ್ಮ ಕನ್ನಡ ಕ್ಲಾಸಿಗೆ ಅಪ್ಲೈ ಮಾಡೋಣ. ನೀನೇ ಬರಿ. ಸಿಕ್ಕಿದ್ರೆ ಕ್ಲಾಸ್ ನಡೆಸೋಕೆ ಒಬ್ಬರನ್ನ ಸಂಬಳಕ್ಕೆ ಇಟ್ಕೋಬಹುದು. ಆ ಒಬ್ಬರು ಯಾರು ಅಂತ ಬಾಯಿಬಿಟ್ಟು ಹೇಳ್ಬೇಕಾ?”

ಹೇಳಬೇಕಿರಲಿಲ್ಲ. ಅಂದಿನಿಂದಲೇ ಆ ಕೆಲಸ ನನ್ನದೆಂದು ತಿಳಿದುಕೊಂಡೆ.

ಅರ್ಜಿದಾರರಿಗಾಗಿ ಓಕ್ ಬ್ರೂಕಿನ ಕಚೇರಿಯೊಂದರಲ್ಲಿ ಸಭೆ ಇತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದಾಕೆ ಓಜಿಬ್ವೆ ಜನಾಂಗದವರು. ನಗರದ ಉತ್ತರ ಭಾಗದಲ್ಲಿ, ಈ ನೆಲದ ಮೂಲನಿವಾಸಿಗಳೇ ಕಟ್ಟಿ ನಡೆಸುವ ಕಲಾಕೇಂದ್ರದ ಮುಖ್ಯಸ್ಥೆ. ಮಳೆ ಬಂದರೆ ಕೇಂದ್ರದೊಳಗೆ ಬಕೆಟ್ ಇಡಬೇಕು ಎಂದು ನಗುತ್ತಲೇ ಹೇಳಿದರು. ಅಲ್ಲಿ ಆ್ಯಶ್ ಮರದ ಪಟ್ಟಿಗಳಿಂದ ಬುಟ್ಟಿ ಹೆಣೆಯುವುದನ್ನು ಕಲಿಸುತ್ತಾರೆ. ಡೆಟ್ರಾಯಿಟ್ ಕಡೆಯಿಂದ ಹಬ್ಬಿದ ಹಸಿರು ಹುಳುವೊಂದು ಆ ಮರಗಳನ್ನು ಕೊಲ್ಲುತ್ತಿದೆ, ಮರ ಮುಗಿಯುವುದರೊಳಗೆ ಮಕ್ಕಳು ಕಲಿಯಬೇಕು ಎಂದರು.

ಅದು ಪತ್ರಿಕೆಗೆ ಒಳ್ಳೆಯ ಸುದ್ದಿಯಾಗುತ್ತದೆ ಎಂದು ನನ್ನ ವೃತ್ತಿಬುದ್ಧಿಗೆ ಕೂಡಲೇ ಹೊಳೆಯಿತು. ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು. ನಮ್ಮ ಅರ್ಜಿಯಲ್ಲಿ ಯಾವ ಹುಳುವೂ ಇರಲಿಲ್ಲ.

ಅರ್ಜಿಯ ನಮೂನೆಯಲ್ಲಿ, ನಿಮ್ಮ ಸಮುದಾಯ ಈ ಪ್ರದೇಶದಲ್ಲಿ ಎಂದಿನಿಂದ ಇದೆ ಎಂಬ ಪ್ರಶ್ನೆ ಇತ್ತು. ಅದಕ್ಕಾಗಿ ನಾನು ಹಿರಿಯರಿಗೆಲ್ಲ ಫೋನ್ ಮಾಡಿದ್ದೆ. ಇಲ್ಲಿಗೆ ಬಂದ ಮೊದಲ ಕನ್ನಡ ಕುಟುಂಬ ತಮ್ಮದೇ ಎಂದು ಮೂವರು ಹೇಳಿದ್ದರು. ಒಬ್ಬರಂತೂ ಇನ್ನೊಬ್ಬರನ್ನು ವಿಮಾನ ನಿಲ್ದಾಣದಿಂದ ಕರೆತಂದದ್ದೇ ತಾವು ಎಂದು ಸಾಕ್ಷಿ ಕೊಟ್ಟಿದ್ದರು. ಪಕ್ಕದಾಕೆ ಏನು ಬರೆದಿರಬಹುದೆಂದು ಓರೆಗಣ್ಣಿನಿಂದ ನೋಡಿದೆ. ಒಂದೇ ಪದ: ‘ಮೊದಲಿನಿಂದ’. ನನ್ನ ಡೆಸ್ಕಿಗೆ ಬಂದಿದ್ದರೆ ಆಧಾರ ಕೇಳುತ್ತಿದ್ದೆ. ಇಲ್ಲಿ ಕೇಳುವ ಹಾಗಿರಲಿಲ್ಲ.

ಕೊನೆಯ ಸುತ್ತಿನಲ್ಲಿ ಉಳಿದದ್ದು ಅವರ ಕೇಂದ್ರ ಮತ್ತು ನಮ್ಮ ಕೂಟ. ಫೌಂಡೇಶನ್ನಿನ ಅಧಿಕಾರಿಣಿ ಎರಡೂ ಕಡೆ ಒಂದೊಂದು ಗಂಟೆ ಬಂದು ನೋಡುವುದೆಂದಾಯಿತು. ‘ತರಗತಿ ಎಂದಿನಂತೆ ನಡೆಯಲಿ, ನಾನು ಮೂಲೆಯಲ್ಲಿ ಕುಳಿತಿರುತ್ತೇನೆ’ ಎಂದು ಆಕೆ ಬರೆದಿದ್ದರು. ಪತ್ರ ಓದಿದ ಅಂಕಲ್‌ಗೆ ಸಿಟ್ಟೇ ಬಂತು.

“ಮೂಲೇಲಿ ಕೂರಿಸೋದಾ? ನಮ್ಮನೆಗೆ ಬಂದೋರನ್ನ? ಒಂದು ಸನ್ಮಾನ ಇಟ್ಕೊಳ್ಳೋಣ. ಚಿಕ್ಕದು. ಬಿನ್ನವತ್ತಳೆ ನೀನು ಬರಿ.”

ಆಗ ಬೇಡವೆನ್ನಬೇಕಿತ್ತು. ಬೇಡವೆನ್ನಲಿಲ್ಲ. ಬಹಳ ದಿನಗಳ ನಂತರ ಯಾರೋ ನನ್ನಿಂದ ಬರೆಸುತ್ತಿದ್ದರು. ನಾಲ್ಕು ದಿನ ಕುಳಿತು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ಮೂರು ಸಲ ಕರಡು ತಿದ್ದಿ ಚೌಕಟ್ಟು ಹಾಕಿಸಿದೆ.

ಆಕೆ ಬರುವ ಭಾನುವಾರ, ನಮ್ಮ ತರಗತಿ ನಡೆಯುತ್ತಿದ್ದ ಚರ್ಚಿನ ನೆಲಮಾಳಿಗೆಯಲ್ಲಿ ಮಕ್ಕಳು ಪುಸ್ತಕ ತೆರೆದು ಕುಳಿತಿದ್ದರು. ಅಧಿಕಾರಿಣಿ ಒಳಗೆ ಕಾಲಿಟ್ಟ ಕೂಡಲೇ ಅವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಲಾಯಿತು. ಪ್ರಾರ್ಥನೆ, ಸ್ವಾಗತ ಭಾಷಣ, ಅಧ್ಯಕ್ಷರ ನುಡಿ, ಮಾಜಿ ಅಧ್ಯಕ್ಷರ ಎರಡು ಮಾತು. ಆ ಎರಡು ಮಾತಿಗೇ ಹತ್ತು ನಿಮಿಷ ಹಿಡಿಯಿತು. ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಫಲತಾಂಬೂಲದ ಜೊತೆ ಬೆಳ್ಳಿಯ ದೀಪ ಕೊಟ್ಟರು. ಮೈಸೂರು ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಜಾರಿತು. ಆಮೇಲೆ ನಾನು ಎದ್ದು ಬಿನ್ನವತ್ತಳೆ ಓದಿದೆ, ಎರಡೂ ಭಾಷೆಯಲ್ಲಿ. ಚೆನ್ನಾಗಿ ಓದುತ್ತಿದ್ದೇನೆ ಎಂದು ನನಗೇ ಅನಿಸುತ್ತಿತ್ತು. ಮುಂದಿನ ಸಾಲಿನ ಏಳು ವರ್ಷದ ಹುಡುಗಿ ಕೈಯೆತ್ತಿ, “ಆಂಟಿ, ವೆನ್ ಆರ್ ವಿ ಸ್ಟಾರ್ಟಿಂಗ್?” ಎಂದಳು. ಎಲ್ಲರೂ ನಕ್ಕರು. ಅಧಿಕಾರಿಣಿ ನಗದೆ ಗಡಿಯಾರ ನೋಡಿಕೊಂಡರು.

ತರಗತಿಗೆ ಉಳಿದದ್ದು ಎಂಟು ನಿಮಿಷ. ಹೊರಡುವಾಗ ಆಕೆ ಶಾಲನ್ನೂ ಬೆಳ್ಳಿಯ ದೀಪವನ್ನೂ ಮೇಜಿನ ಮೇಲಿಟ್ಟು, ಉಡುಗೊರೆ ತೆಗೆದುಕೊಳ್ಳಲು ನಮ್ಮ ನಿಯಮ ಒಪ್ಪುವುದಿಲ್ಲ ಎಂದರು. “ಇದು ಗಿಫ್ಟ್ ಅಲ್ಲ ಮೇಡಂ, ರೆಸ್ಪೆಕ್ಟ್” ಎಂದು ಅಂಕಲ್ ಇಂಗ್ಲಿಷಿನಲ್ಲಿ ಹೇಳುತ್ತಾ ಪಾರ್ಕಿಂಗ್ ಲಾಟಿನವರೆಗೂ ದೀಪ ಹಿಡಿದು ಹೋದರು. ದೀಪದೊಂದಿಗೇ ಹಿಂದಿರುಗಿದರು.

ಎರಡು ವಾರಕ್ಕೆ ಪತ್ರ ಬಂತು. ತರಗತಿಯನ್ನು ನೋಡಲು ಸಾಕಷ್ಟು ಅವಕಾಶ ಸಿಗಲಿಲ್ಲವೆಂದು ಸೌಜನ್ಯದಿಂದ ಬರೆದಿದ್ದರು. ಅನುದಾನ ಆ ಕೇಂದ್ರಕ್ಕೆ ಹೋಗಿತ್ತು.

“ಅವರಿಗ್ಯಾಕಮ್ಮ ಗ್ರ್ಯಾಂಟು? ಕ್ಯಾಸಿನೊ ದುಡ್ಡು ಇರತ್ತಲ್ಲ” ಎಂದರು ಅಂಕಲ್.

ಮೂಲನಿವಾಸಿಗಳ ಕೆಲವು ಪಂಗಡಗಳು ಕ್ಯಾಸಿನೊ ನಡೆಸುವುದುಂಟು, ಆದರೆ ಈ ಕೇಂದ್ರದ ಮಟ್ಟಿಗೆ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಸೋರುವ ಸೂರಿನ ಕೆಳಗೆ ಬಕೆಟ್ ಇಡುವ ಕೇಂದ್ರಕ್ಕೆ ಯಾವ ಕ್ಯಾಸಿನೊ? ತಪ್ಪು ತಿದ್ದುವುದು ನನ್ನ ವೃತ್ತಿಯಾಗಿತ್ತು. ಅಂದು ತಿದ್ದಲಿಲ್ಲ. ಆ ಸುಳ್ಳು ಕೇಳಲು ಹಿತವಾಗಿತ್ತು.

ಒಂದು ಶನಿವಾರ, ಅಭಿನಂದನೆ ಹೇಳಿ ಬರುತ್ತೇನೆಂದು ಅಲ್ಲಿಗೆ ಡ್ರೈವ್ ಮಾಡಿಕೊಂಡು ಹೋದೆ. ಹೋದದ್ದು ಕೊರತೆ ಹುಡುಕಲು. ಬಾಗಿಲಲ್ಲೇ ಧಪ್ ಧಪ್ ಸದ್ದು ಕೇಳಿಸಿತು. ನಾಲ್ಕೈದು ಜನ ಒಂದು ದಿಮ್ಮಿಯನ್ನು ಸುತ್ತಿಗೆಯಿಂದ ಬಡಿಯುತ್ತಿದ್ದರು. ಬಡಿದು ಬಡಿದು ಮರದ ಒಂದೊಂದು ವರ್ಷದ ಪದರವೂ ಪಟ್ಟಿಯಾಗಿ ಎದ್ದು ಬರುತ್ತಿತ್ತು. ಆ ಮುಖ್ಯಸ್ಥೆ ನನ್ನನ್ನು ಗುರುತಿಸಿ, ಮಾತಿಗೆ ಮೊದಲೇ ಕೈಗೊಂದು ಸುತ್ತಿಗೆ ಕೊಟ್ಟರು.

ಸ್ವಲ್ಪ ಹೊತ್ತು ಬಡಿದು ಕೇಳಿದೆ: “ಅಧಿಕಾರಿಣಿ ಬಂದಾಗ ಏನು ಮಾಡಿದಿರಿ?”

“ಇದನ್ನೇ. ಸುತ್ತಿಗೆ ಕೊಟ್ಟೆ. ಬಡಿದರು, ಬೆವರಿದರು, ಹೋದರು.”

“ಸ್ವಾಗತ ಭಾಷಣ?”

“ಯಾರಿಗೆ?” ಎಂದು ಆಕೆ ನಿಜವಾಗಿ ತಿಳಿಯದೆ ಕೇಳಿದರು.

ಕೊರತೆ ಸಿಗಲಿಲ್ಲ. ಗೋಡೆ ಹಳೆಯದು, ಬಕೆಟ್ ಇನ್ನೂ ಅಲ್ಲೇ ಇತ್ತು, ಕಾಫಿ ಕೆಟ್ಟದಾಗಿತ್ತು. ಆದರೆ ಅಲ್ಲಿ ಯಾರೂ ಯಾರಿಗೂ ಏನನ್ನೂ ತೋರಿಸಿಕೊಳ್ಳುತ್ತಿರಲಿಲ್ಲ. ಹಣಕ್ಕಿಂತ ಹೆಚ್ಚಾಗಿ ಅದನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ಹೊರಡುವಾಗ ಆಕೆ ಹೇಳಿದರು: “ನೀವು ಪತ್ರಿಕೆಯವರಲ್ಲವೇ? ನಮಗೆ ವರದಿಗಳನ್ನು ಬರೆಯುವವರು ಬೇಕು. ವಾರಕ್ಕೆ ಮೂರು ದಿನ. ಈ ಅನುದಾನದಲ್ಲೇ ಅದಕ್ಕೆ ಸಂಬಳ ಇಟ್ಟಿದ್ದೇವೆ.”

ನನಗೆ ಬೇಕಿದ್ದದ್ದು ಅದೇ: ಬರೆಯುವ ಕೆಲಸ, ತಿಂಗಳಿಗೊಂದು ಸಂಬಳ. ದೂರವಾಗುತ್ತದೆ ಎಂದುಬಿಟ್ಟೆ.

ಮನೆಯಲ್ಲಿ ಗಂಡ ಕೇಳಿದರು: “ಎಷ್ಟು ದೂರ?”

“ಇಪ್ಪತ್ತೈದು ಮೈಲಿ.”

“ಪೇಪರ್ ಆಫೀಸಿಗೆ ಮೂವತ್ತು ಹೋಗ್ತಿದ್ದೆಯಲ್ಲೇ!”

ಸ್ವಾಭಿಮಾನ ಎಂದೆ. ಅದು ಸ್ವಾಭಿಮಾನವಾಗಿರಲಿಲ್ಲ. ಅವರು ಗೆದ್ದ ಹಣದಿಂದ ಅವರ ಗೆಲುವನ್ನೇ ಬರೆದುಕೊಡುವುದು ನನ್ನಿಂದಾಗುತ್ತಿರಲಿಲ್ಲ.

ಕನ್ನಡ ತರಗತಿ ಚರ್ಚಿನಿಂದ ಸದಸ್ಯರ ಮನೆಗಳಿಗೆ ಬಂತು. ಸರದಿಯ ಮೇಲೆ ಅವರಿವರು ಪಾಠ ಹೇಳಿದರು, ಸಂಬಳವಿಲ್ಲದೆ. ನಾನು ಓಕ್ ಬ್ರೂಕ್ ಮಾಲಿನ ಅಂಗಡಿಯೊಂದರಲ್ಲಿ ಟವೆಲ್ ಮಡಿಸುವ ಕೆಲಸಕ್ಕೆ ಸೇರಿದೆ. ವರ್ಷದ ಕೊನೆಗೆ ಆ ಕೇಂದ್ರದ ವಾರ್ಷಿಕ ವರದಿ ಅಂಚೆಯಲ್ಲಿ ಬಂತು, ಮೇಲೆ ಮುಖ್ಯಸ್ಥೆಯ ಕೈಬರಹದಲ್ಲಿ ನನ್ನ ವಿಳಾಸ. ಊಟದ ಬಿಡುವಿನಲ್ಲಿ ಪೆನ್ನು ಹಿಡಿದು ಓದಿದೆ. ಮೊದಲ ಪುಟದಲ್ಲಿ ಒಂದು ಅಲ್ಪವಿರಾಮ ತಪ್ಪಿತ್ತು. ಉಳಿದ ಹನ್ನೊಂದು ಪುಟಗಳಲ್ಲಿ ಪೆನ್ನಿಗೆ ಕೆಲಸ ಸಿಗಲಿಲ್ಲ. ಬರೆದವರ ಹೆಸರು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಬಿಡುವು ಮುಗಿಯುವವರೆಗೂ ಅದನ್ನೇ ನೋಡುತ್ತಾ ಕುಳಿತಿದ್ದೆ.