ಮಮತಾಜಳ ಹೆಸರಿನ ಲೇಖನ

ನಿಪ್ಪಾಣಿಯ ತಂಬಾಕು ವಖಾರಿಗಳಲ್ಲಿ ಎಲೆ ಕುಟ್ಟಿ ಜರಡಿ ಹಿಡಿಯುವ ಹೆಂಗಸರ ಉಸಿರಾಟದ ಮೇಲೆ ಮಮತಾಜ ಸಂಶೋಧನೆಗೆ ತೊಡಗಿದ್ದು ಎಂಬತ್ತರ ದಶಕದ ನಡುವಿನಲ್ಲಿ. ಅಲ್ಲಿನ ಕಾಲೇಜೊಂದರಲ್ಲಿ ಅವಳು ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಸಂಜೆ ಕೆಲಸ ಬಿಟ್ಟ ಹೆಂಗಸರನ್ನು ಕೂಡಿಸಿಕೊಂಡು, ಕೊಳವೆಯಲ್ಲಿ ಊದಿಸಿ, ಉಸಿರಿನ ಬಲ ಅಳೆಯುತ್ತಿದ್ದಳು. ಅರ್ಧಕ್ಕಿಂತ ಹೆಚ್ಚು ಮಂದಿಗೆ ದಮ್ಮು ಹತ್ತುತ್ತಿತ್ತು.

ಅಳೆದ ಲೆಕ್ಕವೆಲ್ಲ ಮಾರ್ಗದರ್ಶಕ ಮುರಗೆಪ್ಪ ಸರ್ ಕೈಗೆ ಹೋಯಿತು. ವರ್ಷದ ಮೇಲೆ ಪುಣೆಯ ಸಂಶೋಧನಾ ಪತ್ರಿಕೆಯೊಂದರಲ್ಲಿ ಲೇಖನ ಅಚ್ಚಾಗಿ ಬಂತು. ಮೊದಲ ಹೆಸರು ಮಮತಾಜಳದೇ, ಎರಡನೆಯದು ಸರ್ ಅವರದು. ಹಿಗ್ಗಿನಿಂದ ಪುಟ ತಿರುವಿದವಳು ಕೊನೆಯ ಸಾಲುಗಳನ್ನು ಮತ್ತೆ ಮತ್ತೆ ಓದಿದಳು. ಕೆಮ್ಮುವವರನ್ನೆಲ್ಲ ಲೆಕ್ಕದಿಂದ ಕೈಬಿಟ್ಟು, ಧೂಳಿಗೂ ದಮ್ಮಿಗೂ ಸಂಬಂಧವಿಲ್ಲವೆಂದು ಸರ್ ಬರೆದಿದ್ದರು.

"ಬಾಯಾರ, ಧೂಳಿನಿಂದ ಏನೂ ಆಗೂದಿಲ್ಲಂತ ನೀವ ಬರದೀರಂತಲ್ರಿ?" ಎಂದು ಕೇಳಿದವಳು ಕಾಳವ್ವ, ಎಲ್ಲರಿಗಿಂತ ಮೊದಲು ಕೊಳವೆ ಊದಿದಾಕೆ. ಧೂಳು ಎಳೆಯುವ ಪಂಖಾ ಹಾಕಿಸಿರೆಂದು ಹೆಂಗಸರು ಕೇಳಿದ್ದಕ್ಕೆ ಮಾಲೀಕ ಆ ಲೇಖನ ತೋರಿಸಿ ಕಳಿಸಿದ್ದ.

ಮಮತಾಜ ಕೂಡಲೇ ಮುರಗೆಪ್ಪ ಸರ್ ಮನೆಗೆ ಓಡಿದಳು.

"ಸುಮ್ಮ ಕುಂದ್ರವಾ. ನಿನ್ನ ಡಾಕ್ಟರೇಟು ಇದರ ಮ್ಯಾಲ ನಿಂತೈತಿ. ಇದು ಬಿತ್ತಂದ್ರ ನೀನೂ ಬೀಳ್ತಿ" ಎಂದರು. ಮೂಲ ಲೆಕ್ಕ ಕೇಳಿದರೆ ಗೆದ್ದಲು ತಿಂದಿತೆಂದರು.

ಬಸ್ಸು ಹತ್ತಿ ಪುಣೆಗೆ ಹೋದಳು. ಸಂಪಾದಕರು ಚಹಾ ಕೊಟ್ಟು ಮರ್ಯಾದೆಯಿಂದಲೇ ಹೇಳಿದರು: ಲೇಖಕರಿಬ್ಬರೂ ಸಹಿ ಹಾಕಿದರೆ ಲೇಖನ ಹಿಂತೆಗೆಯುತ್ತೇವೆ, ಇಲ್ಲವೇ ಪುರಾವೆ ತನ್ನಿ, ಬರೀ ಮಾತಿನ ಮೇಲೆ ಅಚ್ಚಾದದ್ದನ್ನು ಅಳಿಸಲಾಗದು.

ಪುರಾವೆ ಎಲ್ಲಿಂದ ತರುವುದು? ಮತ್ತೆ ಅಳೆಯುವುದೊಂದೇ ದಾರಿ. ಆದರೆ ಈ ಸಲ ಕೆಲಸ ಹೋದೀತೆಂದು ಹೆಂಗಸರು ಬಾಗಿಲು ಹಾಕಿಕೊಂಡರು. ಕಾಳವ್ವನೇ ಓಣಿ ಓಣಿ ತಿರುಗಿದಳು. "ಬರ್ರೆವಾ, ಊದ್ರಿ. ಬಾಯಾರ ತಿದ್ದಾಕ ಹೊಂಟಾರ." ಹೊರಟು ಬಂದವರೆಲ್ಲ ಊದಿದರು. ಕಾಳವ್ವನ ಸರದಿ ಬಂದಾಗ, ಕೊಳವೆ ಹಿಡಿದವಳು ಕೆಮ್ಮುತ್ತ ಅಲ್ಲೇ ಕುಸಿದು ಕೂತಳು. ಊದಲು ಅವಳಲ್ಲಿ ಉಸಿರೇ ಉಳಿದಿರಲಿಲ್ಲ.

ಹೊಸದಾಗಿ ಅಳೆದ ಲೆಕ್ಕವನ್ನು ಮಮತಾಜ ಪುಣೆಗೆ ಕಳಿಸಿದಳು. ಪತ್ರಿಕೆಯವರು ಅದನ್ನು ಉತ್ತರಕ್ಕೆಂದು ಮುರಗೆಪ್ಪನವರಿಗೇ ಕಳಿಸಿದರು. ಅವರು ಅದನ್ನು ಉತ್ತರ ಬರೆಯದೆ ವರ್ಷಗಟ್ಟಲೆ ಇಟ್ಟುಕೊಂಡರು. ಸಂಪಾದಕರು ಬದಲಾದರು, ಹೊಸಬರು ವಿಚಾರಣೆಯನ್ನು ಮೊದಲಿನಿಂದ ಶುರು ಮಾಡಿದರು. ಮಮತಾಜಳಿಗೆ ಡಾಕ್ಟರೇಟು ಸಿಗಲಿಲ್ಲ. "ಸಾಕು ಮಾಡು ಆಪಾ" ಎಂದು ತಮ್ಮ ಅಲ್ಲಾಬಕ್ಷ ಅಂಗಲಾಚಿದ. ಅವಳಿಗೆ ಬಿಡುವುದಾಗಲಿಲ್ಲ, ಬಿಟ್ಟರೆ ಆ ಸುಳ್ಳು ತನ್ನ ಹೆಸರಿನಲ್ಲೇ ಉಳಿದುಬಿಡುತ್ತಿತ್ತು.

ತೊಂಬತ್ತೆರಡರಲ್ಲಿ ಪುಣೆಯ ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಕೊನೆಯ ಪುಟದ ತಳದಲ್ಲಿ, ಮಮತಾಜ ಮತ್ತು ಇನ್ನೊಬ್ಬರ ಲೇಖನವನ್ನು ಹಿಂತೆಗೆಯಲಾಗಿದೆ ಎಂದಷ್ಟೇ. ಯಾಕೆ ಎಂಬುದಿಲ್ಲ. ಮೋಸ ಮಾಡಿದವಳು ಸಿಕ್ಕಿಬಿದ್ದಳೆಂದು ಕಾಲೇಜಿನಲ್ಲಿ ಗುಸುಗುಸು ಎದ್ದಿತು. ಮುರಗೆಪ್ಪ ಸರ್ ಅಷ್ಟರಲ್ಲಿ ಶಾಲು ಹೊದಿಸಿಕೊಂಡು ನಿವೃತ್ತರಾಗಿದ್ದರು.

ಆ ಪುಟ ಹಿಡಿದು ಅವಳು ವಖಾರಿಗೆ ಹೋದಳು. ಮಾಲೀಕ ಎರಡು ಸಲ ಓದಿದ. "ಲೇಖನ ತಗದಾರಂತ ಐತ್ರಿ. ಧೂಳಿನಿಂದ ದಮ್ಮು ಬರತೈತಿ ಅಂತ ಎಲ್ಲೈತಿ, ತೋರಿಸ್ರಿ."

ತೋರಿಸಲು ಅಲ್ಲಿ ಏನೂ ಇರಲಿಲ್ಲ.

ಹೊರಬಿದ್ದು ಕಾಳವ್ವನ ಮನೆಗೆ ನಡೆದಳು. ಗೋಡೆಗೆ ಒರಗಿ ಕೂತಿದ್ದ ಕಾಳವ್ವನಿಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಲೇಖನ ಹಿಂತೆಗೆದ ಸುದ್ದಿ ಕೇಳಿ ಅವಳ ಮುಖ ಅರಳಿತು. "ಹಂಗಾರ ಇನ್ನ ಪಂಖಾ ಹಚ್ಚತಾರೇನ್ರಿ ಬಾಯಾರ?"

ಮಮತಾಜ ಆ ಪುಟವನ್ನು ಮಡಚಿ ಚೀಲಕ್ಕೆ ಹಾಕಿದಳು. ಕಾಳವ್ವನ ಬೆನ್ನು ನೀವುತ್ತ ಹಾಗೇ ಕೂತುಬಿಟ್ಟಳು.